ಅಡ್ಡ ಬಿದ್ದ ಫಾರಿನ್ ಗುಂಡು

ಕಳೆದ ತಿಂಗಳ ಒಂದು ಭಾನುವಾರ ನಮ್ಮ ಸೊಸೆ ನಳಿನಿ ರೈಫಲ್ ಹೊತ್ತು ಮನೆಗೆ ಬಂದವಳು ಚಹಾ ಬೇಡ ಎಂದಳು. ಧಾರವಾಡದ ಹುಡುಗಿ ಚಹಾ ಬೇಡ ಎಂದರೆ ಮ್ಯಾಟರ್ ಸೀರಿಯಸ್.

(ಹೌದು, ರೈಫಲ್. ನನ್ನ ಯಜಮಾನರದು. ಅವರು ಹೋದ ಮೇಲೆ ಲೈಸೆನ್ಸ್ ನಳಿನಿಯ ಹೆಸರಿಗಾಯಿತು. ಅಂದಿನಿಂದ ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನವರು ನನ್ನನ್ನೂ ತುಸು ಹೆದರಿಯೇ ಮಾತಾಡಿಸುತ್ತಾರೆ.)

ಮುಂದಿನ ವಾರವೇ ರಾಜ್ಯ ಶೂಟಿಂಗ್ ತಂಡದ ಸೆಲೆಕ್ಷನ್. ಈ ಸಲ ಆಗದಿದ್ದರೆ ರೈಫಲ್ ಮಾರುವುದೆಂದು ಮಗ ಹೇಳಿಬಿಟ್ಟಿದ್ದ. ಹಡಗಿನಲ್ಲಿ ಎಂಜಿನಿಯರ್ ಆಗಿರುವ ನನ್ನ ತಮ್ಮ ರಜೆಗೆ ನಮ್ಮಲ್ಲಿಗೆ ಬರುವಾಗ ಅವಳಿಗೆಂದೇ ಭಾರದ ಗುಂಡಿನ ಕಾರ್ಟ್ರಿಜ್ ತಂದಿದ್ದ. ದೂರದ ಗುರಿಗೆ ಭಾರದ್ದೇ ಬೆಸ್ಟ್ ಅಂತೆ. ಅದೂ ಫಾರಿನ್! ಯಾರು ಅನುಮಾನಪಟ್ಟಾರು? ಆದರೆ ಆ ದಿನದ ಪ್ರ್ಯಾಕ್ಟೀಸಿನಲ್ಲಿ ಅದೇ ಗುಂಡುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

"ಜಾನೇ ದೋ, ಕೈ ನಡುಗಿರಬೇಕು," ಎಂದ ಮಗ.

ನಳಿನಿ ಗುರಿಯ ಕಾಗದವನ್ನು ಮೇಜಿನ ಮೇಲೆ ಹರವಿದಳು. "ಕೈ ನಡಗಿದ್ರ ತೂತು ದೂರ ಬೀಳತದ. ಉದ್ದಕ ಯಾಕ ಬೀಳತದ? ನೋಡ್ರಿ ಅತ್ತ್ಯಾರ, ಗುಂಡು ಅಡ್ಡ ಮಲಗಿ ಹೋಗ್ಯಾವ."

ನಿಜ. ತೂತುಗಳು ಬಾದಾಮಿಯ ಹಾಗಿದ್ದವು.

ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಭಾರದ ಗುಂಡು ಉದ್ದ. ಅದು ನೆಟ್ಟಗೆ ಹಾರಲು ಜೋರಾಗಿ ತಿರುಗಬೇಕು. ನಳಿನಿ ಕ್ಲೀನಿಂಗ್ ರಾಡಿಗೆ ಬಟ್ಟೆ ಬಿಗಿದು ನಳಿಗೆಯೊಳಗೆ ತಳ್ಳಿದಳು. ಅದು ಒಂದು ಸುತ್ತು ಹಾಕುವಷ್ಟರಲ್ಲಿ ಎಷ್ಟು ಒಳಹೋಯಿತೆಂದು ನನ್ನ ಹೊಲಿಗೆಯ ಟೇಪಿನಿಂದ ಅಳೆದೆವು. ಹದಿನಾಲ್ಕು ಇಂಚು.

"ಈ ಗುಂಡಿಗೆ ಹತ್ತು ಇಂಚಿಗೇ ಒಂದು ಸುತ್ತು ಬೇಕಿತ್ತು ಅಕ್ಕಾ," ಎಂದ ತಮ್ಮ. "ರೈಫಲ್ ನೋಡದೆ ತಂದುಬಿಟ್ಟೆ."

"ನಿನ್ನ ಭಾವನಿಗೆ ಕಾಲಿನ ಅಳತೆ ಕೇಳದೆ ಶೂ ತಂದದ್ದೂ ಹೀಗೇ ಅಲ್ಲವೇನೋ?" ಎಂದೆ.

ಡಿಯರ್ ಬಾಯ್, ಮುನಿಸಿಕೊಳ್ಳಲಿಲ್ಲ. ಮಾರನೆಯ ದಿನವೇ ರೈಫಲ್ ಕ್ಲಬ್ಬಿಗೆ ನಳಿನಿಯ ಜೊತೆ ಹೋಗಿ ಒಬ್ಬ ಪಾರ್ಸಿ ಸಜ್ಜನರನ್ನು ಹುಡುಕಿದ. ಅವರ ನಳಿಗೆಗೆ ಭಾರದ ಗುಂಡು ಒಗ್ಗುತ್ತಿತ್ತು. ತಮ್ಮಲ್ಲಿದ್ದ ಹಗುರ ಗುಂಡಿನ ಡಬ್ಬಿಯನ್ನು ಅವರು ನಗುತ್ತ ಬದಲಿಗೆ ಕೊಟ್ಟರು. ಗಾಡ್ ಬ್ಲೆಸ್ ದೆಮ್ ಬೋತ್.

ಸೆಲೆಕ್ಷನ್ನಿನಲ್ಲಿ ತೂತುಗಳೆಲ್ಲ ದುಂಡಗೆ, ಒತ್ತೊತ್ತಾಗಿ ಬಿದ್ದವು. ತಂಡದಲ್ಲಿ ಕೊನೆಯ ಹೆಸರು ನಳಿನಿಯದು. ಕೊನೆಯದಾದರೇನು, ರೈಫಲ್ ಮನೆಯಲ್ಲೇ ಉಳಿಯಿತು.

ನನ್ನ ದೊಡ್ಡ ಥ್ಯಾಂಕ್ಸ್ ಮಾತ್ರ ಸೊಸೆಗೆ. ಅವಳ ವಯಸ್ಸಿನಲ್ಲಿ ನಾನಾಗಿದ್ದರೆ 'ಹೌದು, ಕೈ ನಡುಗಿತು' ಎಂದು ಸುಮ್ಮನಾಗುತ್ತಿದ್ದೆ. ನಾವೆಲ್ಲ ಬೆಳೆದದ್ದೇ ಹಾಗೆ. ಅವಳು ಒಪ್ಪಲಿಲ್ಲ.

ಹೆಣ್ಣಿನ ಕೈ ನಡುಗಿತು ಎನ್ನುವ ಮೊದಲು, ಆ ಕೈಗೆ ನಾವು ಕೊಟ್ಟದ್ದೇನೆಂದು ಎಷ್ಟು ಮನೆಗಳಲ್ಲಿ ಅಳೆದು ನೋಡುತ್ತಾರೆ?