ಡೆಲೋಸಿನ ಕಾವಲುಗಾರ ಹೆಂಡತಿಗೆ ಸೀಟಿ ಊದಿದ್ದು

ಯಾಕುಮಿಸ್ ಡೆಲೋಸ್ ದ್ವೀಪದ ಪಾಳುಗಳನ್ನು ಮೂವತ್ತೊಂದು ವರ್ಷ ಕಾದ. ಈ ಪವಿತ್ರ ನೆಲದಲ್ಲಿ ಯಾರೂ ಹುಟ್ಟಕೂಡದು, ಸಾಯಕೂಡದು ಎಂದು ಹಿಂದಿನವರು ಕಟ್ಟಳೆ ಮಾಡಿದ್ದರಂತೆ. ಎರಡೂ ಇಲ್ಲವೆಂದ ಮೇಲೆ ಮನುಷ್ಯನಿಗೆ ಉಳಿಯುವುದು ಕಾಯುವ ಕೆಲಸವೊಂದೇ, ಅದು ನನಗೆ ಸಿಕ್ಕಿತು ಎಂದು ಅವನು ತನ್ನೂರಾದ ಪಕ್ಕದ ಮಿಕೊನೊಸ್ ದ್ವೀಪದ ಕಾಫಿ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಅಪೊಲೊ ದೇವರ ಕಲ್ಲುಗಳ ಮೇಲೆ ಕುಂಡಿ ಊರುವ ಪ್ರವಾಸಿಗಳಿಗೆ ಸೀಟಿ ಊದುವುದು, ಗೋಡೆಸಂದಿಯ ಕಳೆ ಕೀಳುವುದು, ಸಂಜೆಯ ದೋಣಿಗೆ ಮನೆ ಸೇರುವುದು. ಬದುಕು ಇಷ್ಟೇ, ಆದರೆ ಅವನಿಗೆ ಸಾಕಾಗಿತ್ತು.

ಅವನ ಹೆಂಡತಿ ಝಂಬೇಟಾ ಮಾತ್ರ ಒಮ್ಮೆಯೂ ಇತ್ತ ಕಾಲಿಟ್ಟಿರಲಿಲ್ಲ. ಮಿಕೊನೊಸಿನಲ್ಲೇ ಹುಟ್ಟಿ, ಕಡಲ ನಡುವೆ ಬೆಳೆದರೂ ಈ ಹೆಂಗಸಿಗೆ ದಡಕ್ಕೆ ಕಟ್ಟಿದ ದೋಣಿ ನೋಡಿದರೂ ಹೊಟ್ಟೆ ತೊಳಸುತ್ತಿತ್ತು. ಡೆಲೋಸ್ ಅಂದರೆ ಅವಳ ಬಾಯಲ್ಲಿ 'ನಿನ್ನ ಸವತಿ'. ನಿವೃತ್ತಿಗೆ ಒಂದು ವಾರ ಉಳಿದಾಗ ಯಾಕುಮಿಸನಿಗೆ ಒಂದೇ ಆಸೆ ಹತ್ತಿತು: ತನ್ನ ಆಯುಷ್ಯವೆಲ್ಲ ಎಲ್ಲಿ ಕಳೆಯಿತೆಂದು ಇವಳು ನೋಡಬೇಕು, ನೋಡಿ ಒಂದು ಒಳ್ಳೆಯ ಮಾತಾಡಬೇಕು. ದಿನವೂ ಬೇಡಿಕೊಂಡ. ಗಾಳಿ ನಿಂತ ಒಂದು ಬೆಳಿಗ್ಗೆ ಅವಳು ನಿಂಬೆಹಣ್ಣು ಮೂಸುತ್ತ, ಕಡಲಿಗರನ್ನು ಕಾಯುವ ಸಂತ ನಿಕೊಲಾಸನನ್ನು ನೆನೆಯುತ್ತ ದೋಣಿ ಹತ್ತಿದಳು.

ಯಾಕುಮಿಸ್ ಅವಳನ್ನು ನೇರ ಅಮೃತಶಿಲೆಯ ಸಿಂಹಗಳ ಮುಂದೆ ನಿಲ್ಲಿಸಿ, ಇದ್ದಬದ್ದ ಇಸವಿಗಳನ್ನೆಲ್ಲ ಒಪ್ಪಿಸತೊಡಗಿದ. ಬಿಸಿಲಿಗೆ ಸೋತ ಝಂಬೇಟಾ ಪಕ್ಕದ ಮುರಿದ ಕಂಬದ ಮೇಲೆ ಕೂತಳು. ಅವನ ಕೈ ತಾನಾಗಿ ಸೀಟಿಯನ್ನು ಬಾಯಿಗಿಟ್ಟಿತು. ಸದ್ದಿಗೆ ಅಲ್ಲಿದ್ದ ಪ್ರವಾಸಿಗಳ ಇಡೀ ಗುಂಪು ತಿರುಗಿ ಅವಳನ್ನೇ ನೋಡಿತು.

"ಮೂವತ್ತೆಂಟು ವರ್ಷ ಸಂಸಾರ ಮಾಡಿದೋಳಿಗೆ ಸೀಟಿ ಊದ್ತೀಯಾ?" ಎಂದಳು.

ತಪ್ಪಾಯಿತು ಅನ್ನಬಹುದಿತ್ತು. ನಿಯಮ ಎಲ್ಲರಿಗೂ ಒಂದೇ ಎಂದುಬಿಟ್ಟ ಪುಣ್ಯಾತ್ಮ.

ಅವಳು ದೋಣಿಕಟ್ಟೆಯ ಕಡೆ ಹೊರಟೇಬಿಟ್ಟಳು. ಅವನು ಅನುಮಾನದ ಪ್ರವಾಸಿಯನ್ನು ಹಿಂಬಾಲಿಸುವಂತೆ ಹತ್ತು ಹೆಜ್ಜೆ ಹಿಂದೆ ನಡೆದ. ಇದ್ದ ಒಂದೇ ಆಸೆಯನ್ನು ಒಂದೇ ಉಸಿರಿಗೆ ಊದಿ ಹಾರಿಸಿದೆನಲ್ಲ ಎಂದು ಹಳಹಳಿಸುತ್ತಿದ್ದಾಗ ಅವಳು ತಟ್ಟನೆ ನಿಂತಳು.

"ಹಾಗಾದ್ರೆ ನೀನೆಲ್ಲಿ ಕೂರ್ತೀಯ ಮಾರಾಯಾ? ಇಷ್ಟು ವರ್ಷ ನಿಂತೇ ಇದ್ಯಾ?"

ಒಂದು ಪುರಾತನ ಮನೆಯ ಅಂಗಳಕ್ಕೆ ಕರೆದೊಯ್ದು, ಗೋಡೆಯ ನೆರಳಲ್ಲಿ ಬೋರಲು ಹಾಕಿದ್ದ ಮೀನಿನ ಪೆಟ್ಟಿಗೆ ತೋರಿಸಿದ. ಅವಳು ಅದರ ಮೇಲೆ ಕೂತಳು. ಎದುರಿಗೆ ಬಣ್ಣದ ಕಲ್ಲುಹರಳು ಕೂರಿಸಿ ಡಾಲ್ಫಿನ್‌ಗಳನ್ನು ಬಿಡಿಸಿದ ನೆಲ. ಅದರಲ್ಲಿ ಒಂದು ಎಲೆ, ಒಂದು ಕಸವಿಲ್ಲ.

ಇದನ್ನು ಯಾರು ಗುಡಿಸುತ್ತಾರೆಂದು ಕೇಳಿದಳು. ದಿನಾ ನಾನೇ, ಮೆತ್ತನೆ ಬ್ರಷ್ಷಿನಲ್ಲಿ, ಎಂದ.

"ಮನೇಲಿ ಒಂದಿನ ಪೊರಕೆ ಮುಟ್ಟಿಲ್ಲ ನೀನು."

ಬೈಗುಳವೇ. ಆದರೆ ದನಿಯಲ್ಲಿ ಖಾರವಿರಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಚೀಲದಿಂದ ಈರುಳ್ಳಿ, ಚೀಸು ತುಂಬಿದ ರೊಟ್ಟಿ ತೆಗೆದು ಎರಡಾಗಿ ಮುರಿದಳು.

"ಚೆನ್ನಾಗಿ ಇಟ್ಕೊಂಡಿದ್ದೀಯ," ಎಂದಳು.

ಅವನು ತನ್ನ ಪಾಲನ್ನು ಕೈಯಲ್ಲೇ ಹಿಡಿದುಕೊಂಡ. "ನೀನು ಮನೆ ನೋಡ್ಕೊಂಡೆ, ಅದಕ್ಕೇ ನಾನು ಇದನ್ನ ನೋಡ್ಕೊಳ್ಳೋಕಾಯ್ತು, ಝಂಬೇಟಾ. ಯಾವತ್ತೂ ಹೇಳಿರ್ಲಿಲ್ಲ."

"ಈಗ ಹೇಳಿದ್ಯಲ್ಲ, ತಿನ್ನು."

ಪೆಟ್ಟಿಗೆ ಇದ್ದದ್ದು ಒಂದೇ. ಅವನು ಅವಳ ಕಾಲ ಬಳಿ ಮಣ್ಣಲ್ಲಿ ಕೂತು ತಿಂದ.