ಬಾಗಿಲ ಮೇಲಿನ ಲೋಳೆಸರ

ಗೆಳೆಯರೇ, ಹೆಬ್ಬಾಳದ ಕೃಷಿ ಪಂಡಿತರೆಲ್ಲ ಗಿಡದ ವಿಷಯದಲ್ಲಿ ಸಂದೇಹ ಬಂದರೆ ಬಸ್ ಹತ್ತಿ ಯಲಹಂಕಕ್ಕೆ ಬಂದು ನನ್ನನ್ನೇ ಕೇಳುತ್ತಾರೆ. ಅಂಥ ನನಗೆ ಇವತ್ತು ಅವಮಾನವಾಯಿತು.

ನಮ್ಮ ಕಾರ್ಖಾನೆಯ ಧಾರವಾಡದ ಪಾಟೀಲರು ಹೋದ ತಿಂಗಳು ದಪ್ಪ ಎಲೆಯ ಕಳ್ಳಿ ಗಿಡವೊಂದನ್ನು ಕೊಟ್ಟು, ಮನೆಯೊಳಗೆ ಒಂದು ತಿಂಗಳು ಬದುಕಿಸಿ ನೋಡೋಣ ಎಂದು ಪಂದ್ಯ ಕಟ್ಟಿದ್ದರು. ಇವತ್ತು ಬೆಳಿಗ್ಗೆ ಬಂದವರೇ ರೇಡಿಯೋ ಪಕ್ಕದಲ್ಲಿದ್ದ ಗಿಡವನ್ನು ಬೆರಳಿನಿಂದ ಮುಟ್ಟಿದರು. ಬುಡ ಕೊಳೆತಿದ್ದ ಗಿಡ ಹಾಗೇ ಪಕ್ಕಕ್ಕೆ ಮಲಗಿತು.

“ಎಷ್ಟ ನೀರ ಹಾಕ್ತಿದ್ರಿ ಗೌಡ್ರ?”

“ದಿನಾ ಎರಡು ಲೋಟ. ಮನೆಗೆ ಬಂದಿದ್ದನ್ನ ಉಪವಾಸ ಕೆಡವೋಕಾಗುತ್ತಾ?”

ನಗುತ್ತಾ ಹೊರಟ ಪಾಟೀಲರು ಬಾಗಿಲಲ್ಲಿ ನಿಂತು ತಲೆ ಎತ್ತಿದರು. ದೃಷ್ಟಿಯಾಗದಿರಲೆಂದು ನನ್ನ ಹೆಂಡತಿ ಯುಗಾದಿಗೆ ತಲೆಕೆಳಗಾಗಿ ಕಟ್ಟಿದ್ದ ಲೋಳೆಸರ ಅಲ್ಲಿ ನೇತಾಡುತ್ತಿತ್ತು. ಮಣ್ಣಿಲ್ಲ, ನೀರಿಲ್ಲ. ಆದರೂ ತುದಿಯನ್ನು ಮೇಲಕ್ಕೆ ಬಾಗಿಸಿ ಹೊಸ ಎಲೆ ಬಿಟ್ಟಿತ್ತು.

“ಇದಕ್ಕ ಏನ್ ಹಾಕ್ತೀರಿ ಅಕ್ಕಾರ?”

“ಏನೂ ಹಾಕಲ್ಲಣ್ಣ. ಇವರ ಕೈಗೆ ಎಟುಕಲ್ಲ, ಅದಕ್ಕೇ ಬದುಕಿದೆ,” ಎಂದಳು ನನ್ನವಳು.

ಅವರು ಹೋದ ಮೇಲೆ ಸ್ಟೂಲ್ ಹತ್ತಿ ಆ ಎಲೆಯನ್ನು ಅಮುಕಿ ನೋಡಿದೆ. ಈಗಷ್ಟೇ ನೀರು ಕುಡಿದಂತೆ ಗಟ್ಟಿಯಾಗಿತ್ತು. ಎಲ್ಲಿಂದ ಕುಡಿಯುತ್ತದೋ ನನಗೆ ಹೊಳೆಯಲಿಲ್ಲ, ತಿಳಿದವರು ದಯವಿಟ್ಟು ಹೇಳಿ.

ಪಂದ್ಯ ಐದು ರೂಪಾಯಿಯದು ಎಂದು ಮನೆಯಲ್ಲಿ ಹೇಳಿದ್ದೇನೆ. ಸೋತದ್ದು ಐವತ್ತು.