ಅತ್ತಿಗೆ ಮನೆಯ ಶನಿವಾರ

ನಮ್ಮ ಅತ್ತಿಗೆ ಸತ್ಯಭಾಮಾ ಅವರಿಗೆ ಸಾಫ್ಟ್‌ವೇರ್ ಕಂಪನಿಯಿಂದ ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲು ಬರಲಿಲ್ಲ. ಬೇರೆಯವರಾಗಿದ್ದರೆ ಭಜನಾ ಮಂಡಳಿಗೆ ಸೇರುತ್ತಿದ್ದರು. ಇವರು ಶನಿವಾರ ಬಂತೆಂದರೆ ಜಯನಗರದ ತಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿ, ಎಲ್ಲೆಲ್ಲಿಂದಲೋ ಬಂದ ಹೆಣ್ಣುಮಕ್ಕಳನ್ನು ಲ್ಯಾಪ್‌ಟಾಪ್ ಸಮೇತ ಕೂರಿಸಿಕೊಳ್ಳುತ್ತಾರೆ. ಮೇಲಿನ ಮನೆಯಲ್ಲಿರುವ ಅವರ ನಾದಿನಿ ನಾನು. ಅಷ್ಟೂ ಜನಕ್ಕೆ ಉಪ್ಪಿಟ್ಟು ಕೆದಕುವ ಪುಣ್ಯ ನನ್ನ ಪಾಲಿಗೆ ಬಂದಿದೆ.

ಅಲ್ಲಿ ನಡೆಯುವುದು ಓಪನ್ ಸೋರ್ಸ್ ಕೆಲಸ. ಯಾರೋ ಬರೆದ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಅದನ್ನು ನೋಡಿಕೊಳ್ಳುವವರು ಒಪ್ಪಿದರೆ ಸೇರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಸಂಬಳವಿಲ್ಲ. ಸಂಬಳವಿಲ್ಲದೆ ದುಡಿಯುವುದನ್ನು ಹೆಂಗಸರಿಗೆ ಹೇಳಿಕೊಡಬೇಕೇ ಎಂದು ನಾನು ಕೇಳಿದ್ದೆ. ಇಲ್ಲಿ ಮಾಡಿದವರ ಹೆಸರು ಉಳಿಯುತ್ತದೆ, ನಿನ್ನ ಉಪ್ಪಿಟ್ಟಿನ ಹಾಗಲ್ಲ ಎಂದರು ಅತ್ತಿಗೆ. ಸಿಟ್ಟು ಬಂತು. ಆದರೆ ಮಾತು ಸರಿಯಾಗಿತ್ತು.

ಅತ್ತಿಗೆ ಪಾಠ ಮಾಡುವವರಲ್ಲ. ನೀನು ದಿನಾ ಬಳಸುವುದರಲ್ಲಿ ಯಾವುದು ನಿನಗೆ ತಲೆನೋವು ಎಂದು ಕೇಳುತ್ತಾರೆ. ಆ ತಲೆನೋವಿನಿಂದಲೇ ಕೆಲಸ ಶುರು. ಪಕ್ಕದಲ್ಲಿ ಕೂರುತ್ತಾರೆ, ಎಷ್ಟೇ ಕೈ ತುರಿಸಿದರೂ ಇನ್ನೊಬ್ಬರ ಕೀಬೋರ್ಡ್ ಮುಟ್ಟುವುದಿಲ್ಲ.

ಹೋದ ವರ್ಷ ಅನ್ನಪೂರ್ಣ ಬಂದಳು. ಗುಳೇದಗುಡ್ಡದ ಕಡೆಯ ಹುಡುಗಿ. ಬಿಟಿಎಂ ಲೇಔಟಿನ ಪಿಜಿಯಲ್ಲಿ ವಾಸ, ಯಾವುದೋ ಕಂಪನಿಯಲ್ಲಿ ಗಿರಾಕಿಗಳ ಫೋನು ಎತ್ತುವ ಕೆಲಸ. ಕಂಪ್ಯೂಟರ್ ಓದಿದ್ದರೂ ಕೋಡ್ ಬರೆಯುವ ಕೆಲಸ ಸಿಕ್ಕಿರಲಿಲ್ಲ. ಅವಳ ತಲೆನೋವು ಊರಿನಲ್ಲಿತ್ತು. ತಾಯಿ ಲಕ್ಕವ್ವನಿಗೆ ಬಿಪಿ. ಮಾತ್ರೆಯ ಹೊತ್ತಿಗೆ ಗಂಟೆ ಹೊಡೆಯುವ ಬಿಟ್ಟಿ ಓಪನ್ ಸೋರ್ಸ್ ಆ್ಯಪೊಂದನ್ನು ಮಗಳೇ ಅವ್ವನ ಫೋನಿಗೆ ಹಾಕಿಕೊಟ್ಟಿದ್ದಳು. ಚಾರ್ಜು ಮುಗಿದು ಫೋನು ಆಫ್ ಆಗಿ ಮತ್ತೆ ಆನ್ ಆದರೆ ಆ ಆ್ಯಪು ಗಂಟೆ ಹೊಡೆಯುವುದನ್ನೇ ಮರೆತುಬಿಡುತ್ತಿತ್ತು. ಹಾಗೆ ಮಾತ್ರೆ ತಪ್ಪಿ ಲಕ್ಕವ್ವ ಒಮ್ಮೆ ಮನೆಯ ಕಟ್ಟೆಯಿಂದ ತಲೆಸುತ್ತಿ ಬಿದ್ದಿದ್ದಳು. ಮತ್ತೆ ಬೀಳುವ ಮೊದಲು ಇದನ್ನು ಸರಿಮಾಡಬೇಕು ಎಂಬುದೊಂದೇ ಅನ್ನಪೂರ್ಣಳ ತಲೆಯಲ್ಲಿದ್ದದ್ದು.

ಆ ಆ್ಯಪಿನವರಲ್ಲಿ ಒಂದು ಪದ್ಧತಿ. ಅವರ ಪುಟದಲ್ಲಿ ದೋಷವನ್ನು ಬರೆದು, ಅದರ ಕೆಳಗೆ ಇದನ್ನು ನಾನು ಮಾಡುತ್ತೇನೆ ಎಂದು ಹಾಕಿದರೆ ಆ ಕೆಲಸ ನಿಮ್ಮದು, ಬೇರೆಯವರು ಕೈ ಹಾಕುವುದಿಲ್ಲ. ಅನ್ನಪೂರ್ಣ ಹಾಗೇ ಬರೆದು ಖುಷಿಯಿಂದ ಹೋದಳು. ಮುಂದಿನ ಶನಿವಾರ ಬಂದವಳು ಲ್ಯಾಪ್‌ಟಾಪನ್ನೇ ತೆರೆಯಲಿಲ್ಲ. ಭಾರ್ಗವ ಎಂಬವನೊಬ್ಬ ಇದನ್ನು ನನಗೆ ಬಿಡುತ್ತೀರಾ ಎಂದು ಅಲ್ಲೇ ಬರೆದು ಕೇಳಿದ್ದನಂತೆ. ತಟ್ಟೆಯಲ್ಲಿದ್ದ ರೊಟ್ಟಿ ಎತ್ತಿ ಕೊಟ್ಟಂತೆ ಇವಳು ಕೊಟ್ಟುಬಿಟ್ಟಿದ್ದಳು.

"ಕೇಳಿದ್ರಲ್ರೀ ಮೇಡಂ. ಕೇಳಿದವ್ರಿಗೆ ಇಲ್ಲ ಅಂತ ಹ್ಯಾಂಗ ಅನ್ನೂದು?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಸೌಟು ಹಿಡಿದುಕೊಂಡೇ ಬೈದೆ. ಅತ್ತಿಗೆ ಮಾತ್ರ, ಕೊಟ್ಟಾಗಿದೆ, ಅವನು ಮಾಡಲಿ, ನೋಡೋಣ ಎಂದರು.

ಅವನು ಮಾಡಲಿಲ್ಲ. ವಾರಗಳು ಕಳೆದವು. ಅನ್ನಪೂರ್ಣ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನೇತಾಡುತ್ತಲೇ ಅವ್ವನಿಗೆ ಫೋನು ಮಾಡಿ ಮಾತ್ರೆ ನೆನಪಿಸುತ್ತಿದ್ದಳು. ಕೊನೆಗೆ ಅತ್ತಿಗೆ ಹೇಳಿದಂತೆ ಎಲ್ಲಿಗೆ ಬಂತು ಎಂದು ಅವನನ್ನು ಕೇಳಿದಳು. ಉತ್ತರವಿಲ್ಲ. ಹಾಗಾದರೆ ನಾನೇ ಮಾಡುತ್ತೇನೆ ಎಂದು ಬರೆದು ಕೂತಳು. ಅವಳು ಎಷ್ಟೋ ಸಲ ಕೋಡ್ ಬರೆದು ಅಳಿಸಿದಳು, ಅತ್ತಿಗೆ ಪಕ್ಕದಲ್ಲಿ ಕೂತು ಕಾಫಿ ಆರಲು ಬಿಟ್ಟರು. ಕಳಿಸಿದ್ದಾಯಿತು. ಆ್ಯಪು ನೋಡಿಕೊಳ್ಳುವವರು ಅಲ್ಲಿ ತಪ್ಪು, ಇಲ್ಲಿ ತಪ್ಪು ಎಂದರು. ತಿದ್ದಿ ಮತ್ತೆ ಕಳಿಸಿದಳು.

ಇನ್ನೇನು ಸೇರಿಸಿಕೊಳ್ಳಬೇಕು, ಅಷ್ಟರಲ್ಲಿ ಭಾರ್ಗವ ಪ್ರತ್ಯಕ್ಷನಾದ. ಆಫೀಸಿನ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ನನ್ನದೂ ಅರ್ಧ ಆಗಿದೆ, ದಯವಿಟ್ಟು ನನಗೇ ಬಿಡಿ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದ. ಮರ್ಯಾದೆಯೇ ಅವಳಿಗೆ ಕಷ್ಟ. 'ಆಗಲಿ ಸರ್' ಎಂದು ಬೆರಳು ಅದಾಗಲೇ ಒತ್ತಿಬಿಟ್ಟಿತ್ತು, ಕಳಿಸುವುದೊಂದು ಬಾಕಿ. ಹಾಲಿನಲ್ಲಿದ್ದವರೆಲ್ಲ ಅವಳ ಪರದೆಯನ್ನೇ ನೋಡುತ್ತಿದ್ದರು. ಅವಳು ಅತ್ತಿಗೆಯ ಮುಖ ನೋಡಿದಳು.

"ನನ್ನ ಮುಖ ಯಾಕೆ ನೋಡ್ತೀಯ? ಮಾತ್ರೆ ತಗೋಬೇಕಾಗಿರೋದು ನಿಮ್ಮಮ್ಮ" ಎಂದರು ಅತ್ತಿಗೆ.

ಅನ್ನಪೂರ್ಣ ಅಕ್ಷರ ಅಕ್ಷರವಾಗಿ ಅಳಿಸಿದಳು. ಇಲ್ಲ, ಇದನ್ನು ನಾನೇ ಮುಗಿಸುತ್ತೇನೆ, ನಿಮಗೆ ಬಿಡುವಿದ್ದರೆ ನಿಮ್ಮ ಫೋನಿನಲ್ಲಿ ಪರೀಕ್ಷಿಸಿ ಹೇಳಿ ಎಂದು ಬರೆದು, ಕಳಿಸಿ, ಲ್ಯಾಪ್‌ಟಾಪು ಮುಚ್ಚಿ ಅಡುಗೆಮನೆಗೆ ಬಂದು ನೀರು ಕುಡಿದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದೆ.

ಭಾರ್ಗವ ಕೆಟ್ಟವನೇನಲ್ಲ. ಪರೀಕ್ಷಿಸಿ, ಚೆನ್ನಾಗಿ ನಡೆಯುತ್ತಿದೆ ಎಂದು ಬರೆದ. ಅವಳು ತಿದ್ದಿದ್ದನ್ನು ಸೇರಿಸಿಕೊಂಡರು. ಕೆಳಗೆ ಅವಳ ಹೆಸರು ಬಂತು. ಅತ್ತಿಗೆ ಕನ್ನಡಕ ತೆಗೆದು ಒರೆಸಿದ್ದನ್ನೇ ಒರೆಸುತ್ತಿದ್ದರು.

ಆ ತಿದ್ದುಪಡಿ ಊರಿನ ಫೋನಿಗೆ ತಲುಪಲು ಇನ್ನೂ ಕೆಲವು ದಿನ ಹಿಡಿಯಿತು. ಒಂದು ಶನಿವಾರ ಹಾಲಿನಲ್ಲಿ ಎಲ್ಲರೂ ಇರುವಾಗಲೇ ಲಕ್ಕವ್ವ ಫೋನು ಮಾಡಿದಳು. ರಾತ್ರಿಯೆಲ್ಲ ಕರೆಂಟಿಲ್ಲದೆ ಫೋನು ಸತ್ತಿತ್ತಂತೆ, ಬೆಳಿಗ್ಗೆ ಚಾರ್ಜಿಗೆ ಹಾಕಿ ಆನ್ ಮಾಡಿದ್ದೇ ತಡ, ಹೊತ್ತಿಗೆ ಸರಿಯಾಗಿ ಗಂಟೆ ಬಡಿದುಕೊಂಡಿತಂತೆ. ಒಲೆ ಮುಂದೆ ಕೂತಿದ್ದವಳು ಎದ್ದುಹೋಗಿ ನಿಲ್ಲಿಸಿದರೆ ಮತ್ತೆ ಬಡಿದುಕೊಂಡಿತಂತೆ. ಅನ್ನಪೂರ್ಣ ನಾಚಿಕೊಂಡು, ಅದನ್ನು ಹಾಗೆ ಮಾಡಿದ್ದು ತಾನೇ ಎಂದಳು.

"ನೀನ ಮಾಡೀಯೇನು?" ಎಂದಳು ಲಕ್ಕವ್ವ. "ಅದಕ್ಕ ನೋಡು, ನಿನ್ನಂಗ ಗುಳಿಗಿ ನುಂಗೂಮಟ ನನ್ನ ಬಿಡಲಿಲ್ಲ ಅದು."